ವಂಶಾವಳಿಯೆಂಬ ಅರ್ಜಿ

ಶ್ರಾದ್ಧದ ದಿನ ಪುರೋಹಿತರು ಕೇಳುವುದು ಮೂರೇ ಹೆಸರು: ತಂದೆ, ತಾತ, ಮುತ್ತಾತ. ಮೂರನೆಯ ಹೆಸರಿಗೆ ಬರುವಷ್ಟರಲ್ಲಿ ನಮ್ಮಲ್ಲಿ ಬಹುಮಂದಿ ಮನೆಯ ಹಿರಿಯರ ಮುಖ ನೋಡಬೇಕಾಗುತ್ತದೆ. ಅಲ್ಲಿಂದಾಚೆಗೆ ಶಾಸ್ತ್ರವೂ ನಮ್ಮನ್ನು ಪೀಡಿಸುವುದಿಲ್ಲ. ಮುತ್ತಾತನಿಂದ ಒಂದೇ ನೆಗೆತಕ್ಕೆ ಗೋತ್ರಪುರುಷನಾದ ಋಷಿಯ ಆಶ್ರಮದಲ್ಲಿ ಇಳಿದುಬಿಡುತ್ತೇವೆ. ನಡುವೆ ಎಷ್ಟು ತಲೆ ಸಂದುಹೋದವು, ಅವರು ಎಲ್ಲಿ ಉತ್ತರು, ಯಾವ ಬರಗಾಲದಲ್ಲಿ ಯಾವ ಊರು ಬಿಟ್ಟರು ಎಂಬ ಚಿಂತೆ ಯಾರನ್ನೂ ಕಾಡುತ್ತಿರಲಿಲ್ಲ. ಈಚೆಗೆ ಕಾಡತೊಡಗಿದೆ. ಮನೆತನದ ಚರಿತ್ರೆಗಳು ಪುಸ್ತಕಗಳಾಗಿ ಬರುತ್ತಿವೆ. ಮೊದಲ ಪುಟದಲ್ಲಿ ಒಂದು ಮರದ ಚಿತ್ರ. ಬುಡದಲ್ಲಿ ಮೂಲಪುರುಷ, ಕೊಂಬೆಯ ತುದಿಯಲ್ಲಿ ಪರದೇಶದಲ್ಲಿರುವ ಮೊಮ್ಮಗ. ಹವ್ಯಾಸವೇನೋ ಒಳ್ಳೆಯದೇ. ಆದರೆ ಹಳೆಯ ಕಾಗದಗಳಲ್ಲಿ ಕಂಡ ವಂಶಾವಳಿಯನ್ನು ಇವು ಇದ್ದಕ್ಕಿದ್ದಂತೆ ನಂಬುತ್ತವೆ, ಇಲ್ಲವೆ ಕಟ್ಟುಕತೆಯೆಂದು ತಳ್ಳಿಹಾಕುತ್ತವೆ. ವಂಶಾವಳಿಯೆಂಬುದು ಯಾವ ಬಗೆಯ ಬರಹ, ಅದನ್ನು ಯಾರು ಯಾರಿಗಾಗಿ ಬರೆದರು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ಆ ಪ್ರಶ್ನೆಯನ್ನು ಕೇಳುವುದಕ್ಕೆ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಬಹಳ ತಕ್ಕವು. ಮಳೆ ಕಡಮೆ, ಬಂಡೆ ಹೆಚ್ಚು. ಬೆಳೆ ಕೈಕೊಟ್ಟ ವರ್ಷಗಳೇ ಜನರ ನೆನಪಿನಲ್ಲಿ ಹೆಚ್ಚಾಗಿ ಉಳಿಯುವ ಸೀಮೆ. ದಾಖಲೆಗಳಿಗೆ ಮಾತ್ರ ಬರವಿಲ್ಲ. ಅಶೋಕನ ಕಾಲದಿಂದ ಹಿಡಿದು ಇವೊತ್ತಿನ ತಾಲ್ಲೂಕು ಕಚೇರಿಯವರೆಗೆ ಇಲ್ಲಿ ಯಾರೋ ಏನನ್ನೋ ಬರೆಯುತ್ತಲೇ ಬಂದಿದ್ದಾರೆ.

ಹಂಬಲ ನಮ್ಮೊಬ್ಬರದಲ್ಲ. ಹದಿನೇಳನೆಯ ಶತಮಾನದ ಆರಂಭದಲ್ಲಿ ಸ್ಕಾಟ್ಲೆಂಡಿನಿಂದ ಐರ್ಲೆಂಡಿನ ಉತ್ತರ ಭಾಗವಾದ ಅಲ್‌ಸ್ಟರಿಗೆ ಒಕ್ಕಲು ಹೋದವರಿದ್ದರು. ನೂರು ವರ್ಷ ಕಳೆದ ಮೇಲೆ ಅವರಲ್ಲಿ ಬಹಳ ಮಂದಿ ಅಮೆರಿಕದ ಹಡಗು ಹತ್ತಿದರು. ಅವರ ಸಂತತಿಯವರಿಗೆ ಪೂರ್ವಿಕರನ್ನು ಹುಡುಕುವುದೆಂದರೆ ಎಲ್ಲಿಲ್ಲದ ಆಸಕ್ತಿ. ಆದರೆ 1922ರ ಜೂನ್ 30ರಂದು ಡಬ್ಲಿನ್ನಿನಲ್ಲಿ ನಡೆದ ಕಾದಾಟದಲ್ಲಿ ಸರ್ಕಾರಿ ದಾಖಲೆಗಳ ಭಂಡಾರ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳು ಬಹುತೇಕ ಬೂದಿಯಾದವು. ಸಾವಿರಾರು ಹುಟ್ಟು, ಮದುವೆ, ಮರಣಗಳ ಚರ್ಚಿನ ಪುಸ್ತಕಗಳೂ ಹೋದವು. ಈಗ ಅವರಿಗೆ ಗತಿ ತೆರಿಗೆಯ ಪಟ್ಟಿಗಳೇ. ಹತ್ತೊಂಬತ್ತನೆಯ ಶತಮಾನದ ನಡುವೆ ಗ್ರಿಫಿತ್ ಎಂಬ ಅಧಿಕಾರಿ ಜಮೀನು ಮನೆಗಳಿಗೆ ಬೆಲೆ ಕಟ್ಟಿಸಿದ ಪುಸ್ತಕ ಅವುಗಳಲ್ಲಿ ಒಂದು. ಇನ್ನೊಂದು 1660ರ ದಶಕದ ಒಲೆ ತೆರಿಗೆಯ ಪಟ್ಟಿ; ಮೂಲ ಹೋಗಿ ನಕಲು ಉಳಿದದ್ದು. ಮನೆಯಲ್ಲಿ ಎಷ್ಟು ಒಲೆ ಉರಿಯುತ್ತದೆ ಎಂದು ಎಣಿಸಿ ಹಾಕುತ್ತಿದ್ದ ತೆರಿಗೆ ಅದು. ನಮ್ಮ ಶಾಸನಗಳಲ್ಲಿ ಬರುವ ಮನೆವಣದ ದೂರದ ಬಂಧು. ಒಲೆ ಎಣಿಸುವ ಅಧಿಕಾರಿಗೆ ಮನೆಯ ಯಜಮಾನ ಯಾವ ರಾಜನ ಸಂತತಿ ಎಂಬುದು ಬೇಕಿರಲಿಲ್ಲ. ಬೇಡವಾದ್ದರಿಂದಲೇ ಅವನು ಬರೆದದ್ದನ್ನು ನಂಬಬಹುದಾಗಿದೆ.

ನಮ್ಮ ಸೀಮೆಯ ವಂಶಾವಳಿಗಳನ್ನು ಕೂಡಿಹಾಕಿಸಿದ ಮಹಾನುಭಾವನೂ ಸ್ಕಾಟ್ಲೆಂಡಿನವನೇ ಎಂಬುದು ಒಂದು ಸ್ವಾರಸ್ಯ. ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದ ಸ್ಟಾರ್ನೊವೆ ಎಂಬ ಊರಿನವನು. 1783ರಲ್ಲಿ ಕಂಪೆನಿಯ ಕೆಲಸಕ್ಕೆ ಮದರಾಸಿಗೆ ಬಂದವನು. ಅದಕ್ಕೆ ಮುಂಚೆಯೇ ಅವನಿಗೆ ಹಿಂದೂ ಗಣಿತದ ಗೀಳು ಹತ್ತಿಸಿದ್ದವನು ಅವನ ನಾಡಿನ ಒಬ್ಬ ಶ್ರೀಮಂತ, ಲಾರ್ಡ್ ನೇಪಿಯರ್. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರನ ವಂಶಸ್ಥನಾದ ಅವನು ಆ ಪೂರ್ವಿಕನ ಚರಿತ್ರೆ ಬರೆಯಬೇಕೆಂದಿದ್ದ. ಅದಕ್ಕಾಗಿ ಭಾರತದ ಗಣಿತದ ಸಂಗತಿ ಬೇಕಿತ್ತು. ಒಂದು ಸ್ಕಾಟ್ ಮನೆತನ ತನ್ನ ಹಿರಿಯನನ್ನು ಹುಡುಕಹೊರಟ ದಾರಿಯಲ್ಲೇ ಮೆಕೆಂಜಿ ನಮ್ಮ ಪಾಳೆಯಗಾರರ ಮನೆಬಾಗಿಲಿಗೆ ಬಂದನೆಂದರೆ ಅತಿಶಯೋಕ್ತಿಯಾಗದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆ ಅವನ ಪಾಲಿಗೆ ಬಂತು. ಸಂಕೋಲೆ ಹಿಡಿದು ನೆಲ ಅಳೆಯುವವರ ಹಿಂದೆಯೇ ಕಾವಲಿ ವೆಂಕಟ ಬೊರ್ರಯ್ಯ, ಅವನ ತಮ್ಮ ಲಕ್ಷ್ಮಯ್ಯ ಮೊದಲಾದ ಸಹಾಯಕರು ಊರೂರು ತಿರುಗಿ ಶಾನುಭೋಗರನ್ನೂ ಮಠದವರನ್ನೂ ಹಳೆಯ ನಾಯಕರ ಮನೆಯವರನ್ನೂ ಕೇಳಿ ಕೇಳಿ ಬರೆಸಿಕೊಂಡರು. ಹಾಗೆ ಬರೆದವುಗಳಿಗೆ ಕೈಫಿಯತ್ತೆಂದು ಹೆಸರು. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿತು. ಅದಕ್ಕೆ ನಮ್ಮ ವಿಮರ್ಶಕರು ಸಾಕಷ್ಟು ಗಮನ ಕೊಡಲಿಲ್ಲ. ಇತಿಹಾಸದವರಿಗೆ ಬಿಟ್ಟ ಪುಸ್ತಕವೆಂದುಕೊಂಡು ಸುಮ್ಮನಾದರು. ಅದು ಗದ್ಯಸಾಹಿತ್ಯದ ಪುಸ್ತಕವೂ ಹೌದು.

ಕೈಫಿಯತ್ತೆಂದರೆ ಹೇಳಿಕೆ; ಮೇಲಿನವರು ಕೇಳಿದ್ದಕ್ಕೆ ಕೆಳಗಿನವರು ಕೊಟ್ಟ ಉತ್ತರ. ಆ ಸಂದರ್ಭವನ್ನು ನೆನೆಸಿಕೊಳ್ಳಬೇಕು. ಟಿಪ್ಪು ಸತ್ತಿದ್ದಾನೆ, ಹೊಸ ದೊರೆತನ ಬಂದಿದೆ, ಯಾರ ಇನಾಮು ಉಳಿಯುತ್ತದೆ, ಯಾರದು ಹೋಗುತ್ತದೆ ಎಂಬುದು ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ ಕಂಪೆನಿಯ ಅಧಿಕಾರಿಯ ಕಡೆಯವರು ಬಂದು, ನಿಮ್ಮ ಹಿರಿಯರು ಯಾರು, ಈ ನೆಲ ನಿಮಗೆ ಹೇಗೆ ಬಂತು ಎಂದು ಕೇಳುತ್ತಾರೆ. ಉತ್ತರ ಹೇಳುವವನು ಸುಮ್ಮನೆ ಹರಟೆ ಹೊಡೆಯುತ್ತಾನೆಯೇ? ಒಂದೊಂದು ಹೆಸರನ್ನೂ ತೂಗಿ ಹೇಳುತ್ತಾನೆ. ವಂಶಾವಳಿ ಆಗ ಅರ್ಜಿಯಾಗುತ್ತದೆ. ಕೇಳಿದವರು ಏನನ್ನು ಮೆಚ್ಚುವರೆಂಬ ಊಹೆ ಅದರ ಪ್ರತಿ ವಾಕ್ಯದ ಹಿಂದೆ ಇರುತ್ತದೆ.

ಶಾನುಭೋಗರು ಬರೆಯುತ್ತಿದ್ದ ಕಡತವೂ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಚಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ ಅದು. ವರ್ಷಗಟ್ಟಲೆ ಉಳಿಯುತ್ತಿತ್ತು. ಬೇಕೆಂದಾಗ ಒರಸಿ ಬೇರೆ ಬರೆಯಲೂ ಬರುತ್ತಿತ್ತು. ಈಗ ವಿಧಾನಸೌಧದಲ್ಲಿ ಕಡತವೆಂದರೆ ಕಾಗದದ ಕಂತೆ. ಒರಸುವ ಸೌಕರ್ಯ ಹೋಗಿದೆ, ಕಳೆದುಹೋಗುವ ಸೌಕರ್ಯ ಉಳಿದಿದೆ.

ಚಿತ್ರದುರ್ಗದ ನಾಯಕರ ಕತೆಯನ್ನು ಈ ಕಣ್ಣಿನಿಂದ ಓದಬೇಕು. ಇವೆರಡು ತಾಲ್ಲೂಕುಗಳ ಬೇಡ ನಾಯಕ ಮನೆತನಗಳ ಹೆಮ್ಮೆಯೆಲ್ಲ ಆ ಕತೆಯ ಸುತ್ತ ಹೆಣೆದುಕೊಂಡಿದೆ. ಕಾಮಗೇತಿ ವಂಶ, ವಾಲ್ಮೀಕಿ ಗೋತ್ರ ಎಂದು ಹೇಳಿಕೊಂಡ ಮನೆತನ. ತಿರುಪತಿಯ ಸಮೀಪದ ಜಡಿಕಲ್ಲುದುರ್ಗದಿಂದ ಹೊರಟ ಬೇಡರ ಕುಟುಂಬಗಳು ಭರಮಸಾಗರದ ಬಳಿ ನೆಲೆಸಿದುವು, ತಿಮ್ಮಣ್ಣನಾಯಕ ವಿಜಯನಗರದ ಅರಸರಿಂದ ಹೊಳಲ್ಕೆರೆಯನ್ನೂ ಆಮೇಲೆ ಹಿರಿಯೂರು, ಚಿತ್ರದುರ್ಗಗಳನ್ನೂ ಪಡೆದ ಎಂಬುದು ಕತೆಯ ಆರಂಭ. ರೈಸರು ಮೈಸೂರು ಗೆಜೆಟಿಯರಿನಲ್ಲಿ ಇದನ್ನು ಸಂಗ್ರಹಿಸಿ ಕೊಟ್ಟಿದ್ದಾರೆ. ಅದರಲ್ಲೊಂದು ಪ್ರಸಂಗವನ್ನು ಓದಿದವರು ಮರೆಯಲಾರರು. ತಿಮ್ಮಣ್ಣನ ಮೇಲೆ ದಂಡು ಬರುತ್ತದೆ. ರಾತ್ರಿ ಅವನು ಒಬ್ಬನೇ ಶತ್ರುವಿನ ಪಾಳೆಯಕ್ಕೆ ನುಗ್ಗಿ ದಂಡಿನ ಒಡೆಯನ ಕುದುರೆಯನ್ನು ಕದಿಯಹೋಗುತ್ತಾನೆ. ಸಾಹಣಿಗೆ ಎಚ್ಚರವಾಗುತ್ತದೆ. ನಾಯಕ ಹುಲ್ಲಿನಡಿ ಅಡಗುತ್ತಾನೆ. ಸಾಹಣಿ ಗೂಟವನ್ನು ಮತ್ತೆ ಬಡಿಯುತ್ತಾನೆ; ಅದು ನಾಯಕನ ಅಂಗೈಯನ್ನು ತೂರಿ ನೆಲಕ್ಕಿಳಿಯುತ್ತದೆ. ನಾಯಕ ತುಟಿ ಬಿಚ್ಚುವುದಿಲ್ಲ. ಎಲ್ಲ ನಿಶ್ಶಬ್ದವಾದ ಮೇಲೆ ಗೂಟಕ್ಕೆ ಸಿಕ್ಕ ಕೈಯನ್ನು ತಾನೇ ಕತ್ತರಿಸಿ, ಕುದುರೆಯೊಡನೆ ಹೊರಟುಹೋಗುತ್ತಾನೆ.

ಎಂಥ ಕಥನಶಕ್ತಿ! ಒಂದು ವಿಶೇಷಣವಿಲ್ಲ, ಒಂದು ಉಪಮೆಯಿಲ್ಲ. ಆದರೆ ಈ ಕತೆಯಲ್ಲಿ ಎದುರಾಳಿಯಾಗಿ ಬರುವ ಹೆಸರು ಸಾಳುವ ನರಸಿಂಗರಾಯನದು. ಆ ಹೆಸರಿನ ಚಕ್ರವರ್ತಿ 1491ರಲ್ಲೇ ತೀರಿಹೋದವನು. ತಿಮ್ಮಣ್ಣನಾಯಕನಿಗೆ ದುರ್ಗ ಬಂದದ್ದು 1568ರಲ್ಲೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಇತಿಹಾಸಕಾರ ಇಲ್ಲಿ ಪುಸ್ತಕ ಮುಚ್ಚಬಹುದು. ವಿಮರ್ಶಕ ಮುಚ್ಚಬಾರದು. ಮನೆತನದ ಮೂಲಪುರುಷನೆಂದು ಯಾರನ್ನು ತೋರಿಸುತ್ತಿದ್ದಾರೋ ಅವನನ್ನು ಕುದುರೆಗಳ್ಳನೆಂದು ಹೇಳಲು ಈ ಬರಹಕ್ಕೆ ಸಂಕೋಚವಿಲ್ಲ. ಸೂರ್ಯವಂಶ ಚಂದ್ರವಂಶಗಳ ಸಾಲಿಗೆ ಸೇರಿಸುವ ಬದಲು, ನೋವನ್ನು ನುಂಗಿದ ಒಂದು ಕೈಯನ್ನು ಅದು ಹಕ್ಕುಪತ್ರವಾಗಿ ಮುಂದಿಡುತ್ತದೆ. ನೆಲವನ್ನು ದಾನವಾಗಿ ಪಡೆಯಲಿಲ್ಲ, ಮೈಯ ಒಂದು ಭಾಗವನ್ನು ಕೊಟ್ಟು ಕೊಂಡೆವು ಎಂಬ ಮಾತು ಅದರಲ್ಲಿದೆ. ಅರ್ಜಿಯೆಂದರೆ ಹೀಗಿರಬೇಕು.

ಎಂ. ಎಸ್. ಪುಟ್ಟಣ್ಣನವರು 'ಚಿತ್ರದುರ್ಗದ ಪಾಳೆಯಗಾರರು' ಬರೆದು 1924ರಲ್ಲಿ ಪ್ರಕಟಿಸಿದರು. 'ಮಾಡಿದ್ದುಣ್ಣೋ ಮಹಾರಾಯ'ದ ಕರ್ತೃವಾದ ಅವರು ಅಮಲ್ದಾರಿಕೆ ಮಾಡಿದವರು. ಅರ್ಜಿಗಳನ್ನು ಓದಿ ಓದಿ ಕಣ್ಣು ಪಳಗಿದವರು. ದುರ್ಗದ ಚರಿತ್ರೆಗೆ ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ಸಾಮಗ್ರಿ ಕೂಡಿಹಾಕಿದರು. ಅನಂತರ ಬಂದವರು ತ.ರಾ.ಸು. ಅವರ ಹೆಸರಿನ ಮೊದಲ ಅಕ್ಷರವೇ ಚಳ್ಳಕೆರೆ ತಾಲ್ಲೂಕಿನ ತಳುಕಿನದು, ಟಿ. ಎಸ್. ವೆಂಕಣ್ಣಯ್ಯನವರನ್ನು ಕೊಟ್ಟ ಊರೂ ಅದೇ. 'ಕಂಬನಿಯ ಕುಯಿಲು' ಮೊದಲಾಗಿ 1982ರ 'ದುರ್ಗಾಸ್ತಮಾನ'ದವರೆಗೆ ಅವರ ಕಾದಂಬರಿಗಳನ್ನು ಸಾಲಾಗಿ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವರ ಕಣ್ಣು ಬೀಳುವುದು ವಂಶಾವಳಿಯ ಗೆರೆ ಎಲ್ಲಿ ತುಂಡಾಗುತ್ತದೆಯೋ ಅಲ್ಲಿಗೆ. ದಳವಾಯಿ ಮುದ್ದಣ್ಣನ ಕಾಲದ ಕೊಲೆಗಳು, ಪಟ್ಟಕ್ಕೆ ಯಾರನ್ನು ತರುವುದೆಂಬ ತೊಳಲಾಟ, ಕೊನೆಯಲ್ಲಿ ಮಕ್ಕಳಿಲ್ಲದೆ ತೀರಿಹೋದ ಕಸ್ತೂರಿ ರಂಗಪ್ಪನಾಯಕ, ಅವನ ಜಾಗಕ್ಕೆ 1754ರಲ್ಲಿ ಜಾನಕಲ್ಲಿನಿಂದ ಬಂದ ಹುಡುಗ ಮದಕರಿ. ಪಟ್ಟಿಯಲ್ಲಿ ಒಂದರ ಕೆಳಗೊಂದು ನೆಟ್ಟಗೆ ನಿಂತ ಹೆಸರುಗಳ ನಡುವೆ ಇಷ್ಟೆಲ್ಲ ತೇಪೆಯಿದೆ. ಆ ತೇಪೆಗಳನ್ನು ಬಿಚ್ಚಿ ತೋರಿಸಿದ್ದು ಕಾದಂಬರಿಕಾರರ ದೊಡ್ಡ ಕೆಲಸ. ನಾಡು ಕಂಡ ಅತ್ಯಂತ ಪ್ರಸಿದ್ಧ ಮದಕರಿ ಆ ಮನೆಯ ಗದ್ದುಗೆಗೆ ಹೊರಗಿನಿಂದ ಬಂದವನೆಂಬುದನ್ನು ಇವೊತ್ತಿನ ಜಯಂತಿಯ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ಹೇಳಿದರೆ ಅವನು ಚಿಕ್ಕವನಾಗುವುದಿಲ್ಲ.

ತ.ರಾ.ಸು. ಅವರಲ್ಲಿ ನಮಗೆ ಕೊರತೆಯೆನಿಸುವುದು ಬೇರೆ. ಅರಮನೆಯ ಬಖೈರು ಕೊಟ್ಟ ಕಿಟಕಿಯಿಂದಲೇ ಅವರೂ ನೋಡುತ್ತಾರೆ. ಕೋಟೆಯ ಕೆಳಗಿನ ಹಟ್ಟಿಗಳಲ್ಲಿದ್ದ ವಂಶಗಳ ಗತಿಯೇನು? 1779ರಲ್ಲಿ ಹೈದರಾಲಿ ದುರ್ಗವನ್ನು ಹಿಡಿದು, ನಾಯಕನ ಮನೆಯವರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದಲ್ಲದೆ ಸುಮಾರು 20,000 ಬೇಡರನ್ನೂ ಅಲ್ಲಿಗೆ ಒಕ್ಕಲೆಬ್ಬಿಸಿದನೆಂದು ಬರೆದಿದ್ದಾರೆ. ಅವರ ಹುಡುಗರನ್ನು ಆರಿಸಿ ಚೇಲಾ ಪಡೆಗಳನ್ನು ಕಟ್ಟಿದರು. ಹೊಸ ಹೆಸರು, ಹೊಸ ಧರ್ಮ, ಹೊಸ ಸಮವಸ್ತ್ರ. ಆ ಹುಡುಗರ ಸಂತತಿ ಇವೊತ್ತು ತಮ್ಮ ಮುತ್ತಾತನನ್ನು ಯಾವ ಕೈಫಿಯತ್ತಿನಲ್ಲಿ ಹುಡುಕಬೇಕು? ಡಬ್ಲಿನ್ನಿನ ಬೆಂಕಿ ಕಾಗದಗಳನ್ನು ಸುಟ್ಟಿತು. ಇಲ್ಲಿ ಕಾಗದಕ್ಕೆ ಬಾರದಿದ್ದ ಜನರೇ ಚದುರಿಹೋದರು. ಇನ್ನು ಓಬವ್ವ. ಒನಕೆ ಗೊತ್ತು, ಕಿಂಡಿ ಗೊತ್ತು, ಕಹಳೆಯವನಾದ ಗಂಡನ ಹೆಸರು ಮುದ್ದಹನುಮನೆಂದೂ ಹೇಳುತ್ತಾರೆ. ಅವಳ ತೌರಿನ ಮಾತು ಮಾತ್ರ ಅಪರೂಪ. ಕೇಳಬೇಕಾದ ಕಾಲದಲ್ಲಿ ಯಾರೂ ಕೇಳಿರಲಿಲ್ಲ.

ಇದಕ್ಕೂ ಎರಡು ಸಾವಿರ ವರ್ಷ ಹಿಂದಿನ ದಾಖಲೆಯೊಂದು ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ತಾಣಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳನ್ನು ರೈಸರು 1892ರಲ್ಲಿ ಬೆಳಕಿಗೆ ತಂದರು. ತಂದೆತಾಯಿಗಳ ಸೇವೆ ಮಾಡಬೇಕು, ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ಸರಿಯಾಗಿ ನಡೆಯಬೇಕು, ಇದು ಹಿಂದಿನಿಂದ ಬಂದ ನಡವಳಿಕೆ ಎಂಬ ಉಪದೇಶ ಅಲ್ಲಿದೆ. ತಂದೆತಾಯಿಗಳ ವಿಷಯ ಹೇಳುವ ಆ ಶಾಸನದಲ್ಲಿ ಯಾರ ತಂದೆಯ ಹೆಸರೂ ಇಲ್ಲ. ದೇವಾನಾಂಪ್ರಿಯನೆಂಬ ಬಿರುದು ಬಿಟ್ಟರೆ ಚಕ್ರವರ್ತಿಯ ಸ್ವಂತ ಹೆಸರೂ ಇಲ್ಲ. ಆ ದೇವಾನಾಂಪ್ರಿಯ ಅಶೋಕನೇ ಎಂದು ಶಾಸನದ ಬಾಯಿಂದಲೇ ಹೊರಟದ್ದು 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯ ಬಂಡೆ ಸಿಕ್ಕ ಮೇಲೆ. ಮೊಳಕಾಲ್ಮೂರಿನ ಬಂಡೆಗಳ ಮೇಲೆ ತನ್ನ ಹೆಸರನ್ನು ಕಾಣಿಸಿಕೊಂಡವನು ಬರೆದ ಗುಮಾಸ್ತೆ, ಚಪಡ. ಬರೆದವನು ಚಪಡ ಎಂಬಷ್ಟನ್ನು ಎಲ್ಲರ ಲಿಪಿಯಾದ ಬ್ರಾಹ್ಮಿಯಲ್ಲಿ ಬರೆದು, ಲಿಪಿಕಾರನೆಂಬ ತನ್ನ ಕಸುಬಿನ ಮಾತನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ವಂಶವಿಲ್ಲ, ಗೋತ್ರವಿಲ್ಲ, ಕಲಿತ ಅಕ್ಷರದಿಂದಲೇ ಅವನು ಎಲ್ಲಿಯ ಕಡೆಯವನೆಂದು ಊಹಿಸಬೇಕು. ಹುಟ್ಟನ್ನು ಹೇಳಿಕೊಳ್ಳದೆ ಕಸುಬನ್ನು ಹೇಳಿಕೊಂಡ ಈ ಗುಮಾಸ್ತೆಯನ್ನು ಕಂಡರೆ ಈ ಲೇಖಕನಿಗೆ, ಯಾಕೋ, ನಾಯಕರೆಲ್ಲರಿಗಿಂತ ಹೆಚ್ಚು ಸಲುಗೆ.

ಆ ಬೆಟ್ಟದ ಬುಡದಲ್ಲೇ 1947ರಲ್ಲಿ ವೀಲರ್ ಸಾಹೇಬರು ಅಗೆಸಿ, ಕಲ್ಲು ಚಪ್ಪಡಿಗಳ ಗೋರಿಗಳನ್ನು ತೆರೆದರು. ಮೂಳೆ, ಮಡಕೆ, ಕಬ್ಬಿಣ ಸಿಕ್ಕವು. ಯಾರ ಹಿರಿಯರೆಂದು ಯಾರೂ ಮುಂದೆ ಬಂದು ಹೇಳಲಿಲ್ಲ. ನೆಲದ ಹಕ್ಕು ಸಿಗುವಂತಿದ್ದರೆ ಬರುತ್ತಿದ್ದರೋ ಏನೋ.

ಬರಹವಿಲ್ಲದವರು ಪೂರ್ವಿಕರನ್ನು ಹೇಗೆ ಕಾಪಾಡಿಕೊಂಡರು? ಉತ್ತರ ಕರ್ನಾಟಕದ ಕಡೆ ಹೆಳವರಿದ್ದಾರೆ. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಒಕ್ಕಲು ಮನೆಯ ಮುಂದೆ ನಿಂತು, ಆ ಮನೆಯವರ ಹಿರೀಕರ ಹೆಸರುಗಳನ್ನು ಸಾಲುಸಾಲಾಗಿ ಹೇಳಿ, ಕಾಳುಕಡ್ಡಿ, ಪಾತ್ರೆ, ದನ ಪಡೆದು ಹೋಗುವವರು. ಇವರದ್ದೂ ಒಂದು ಬಗೆಯ ಅರ್ಜಿಯೇ. ಸುಗ್ಗಿಯ ಕಣಕ್ಕೆ ಹಾಕಿದ ಅರ್ಜಿ. ಆದರೆ ಕೈಫಿಯತ್ತಿಗಿಲ್ಲದ ಒಂದು ಕಾವಲು ಇದಕ್ಕಿದೆ. ಹೆಳವ ಓದುವುದು ಮನೆಯವರೆದುರಿಗೆ, ನೆರೆಯವರ ಕಿವಿಗೆ ಬೀಳುವಂತೆ. ಹೆಸರು ತಪ್ಪಿದರೆ ಜಗಲಿಯ ಮೇಲೆ ಕೂತ ಮುದುಕಿ ಅಲ್ಲೇ ತಿದ್ದುತ್ತಾಳೆ.

ಚಳ್ಳಕೆರೆ, ಮೊಳಕಾಲ್ಮೂರುಗಳ ಮ್ಯಾಸಬೇಡರಲ್ಲಿ ಕುಲದ ನೆನಪು ಬೆಡಗುಗಳಲ್ಲಿದೆ, ಗಾದ್ರಿಪಾಲನಾಯಕನಂಥ ವೀರರ ಕಾವ್ಯದಲ್ಲಿದೆ. ಇನ್ನೂ ಒಂದು ಕಡೆ ಇದೆ, ದನದ ಮಂದೆಯಲ್ಲಿ. ದೇವರ ಎತ್ತುಗಳೆಂದು ಬಿಟ್ಟ ಮಂದೆಗಳನ್ನು ಕಿಲಾರಿಗಳು ಮೇಯಿಸುತ್ತಾರೆ. ಅವನ್ನು ನೊಗಕ್ಕೆ ಕಟ್ಟುವಂತಿಲ್ಲ, ಸಂತೆಗೆ ಹೊಡೆಯುವಂತಿಲ್ಲ. ಯಾವ ದೇವರ ಮಂದೆಯೆಂದರೆ ಯಾವ ಕುಲವೆಂದು ತಿಳಿಯುತ್ತದೆ. ಮನುಷ್ಯನ ವಂಶವನ್ನು ದನದ ಪೀಳಿಗೆಯ ಜತೆಗೆ ಕಟ್ಟಿಹಾಕಿದ ಈ ಉಪಾಯವನ್ನು ನೋಡಿದರೆ, ತಾಮ್ರಶಾಸನ ಕೆತ್ತಿಸಿದವರು ಹೆಚ್ಚು ಜಾಣರೆಂದು ಹೇಳಲು ಧೈರ್ಯ ಬರುವುದಿಲ್ಲ. ಬರಗಾಲ ಬಂದಾಗ ಮಾತ್ರ ಈ ದಾಖಲೆಗೆ ಮೇವು ಬೇಕಾಗುತ್ತದೆ. ಕಾಡುಗೊಲ್ಲರಲ್ಲಿ ಜುಂಜಪ್ಪ, ಎತ್ತಪ್ಪರ ಕತೆಗಳಿವೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹವಿಲ್ಲದೆ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದವಳು. ಗಂಡಸರ ವಂಶಾವಳಿಯಲ್ಲಿ ತೌರೆಂಬ ಮಾತೇ ಇಲ್ಲ. ಹೆಣ್ಣುಮಕ್ಕಳ ಹಾಡಿನಲ್ಲಿ ತೌರಿನ ದಾರಿಯ ಗುರುತುಗಳೆಲ್ಲ ಇವೆ. ಇವೆರಡನ್ನೂ ಎದುರುಬದುರು ಇಟ್ಟು ಓದುವ ವಿದ್ವಾಂಸರು ಬೇಕಾಗಿದ್ದಾರೆ.

ಶಾನುಭೋಗಿಕೆ ಹೋಗಿ ಬಹುಕಾಲವಾಯಿತು. 1961ರ ಕಾನೂನು ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕಿತು. ಹಾಗೆಂದು ವಂಶಾವಳಿ ಬರೆಯುವುದು ನಿಂತಿಲ್ಲ. ತಂದೆ ಸತ್ತು ಪಹಣಿಯಲ್ಲಿ ಮಕ್ಕಳ ಹೆಸರು ಬರಬೇಕಾದರೆ ನಾಡಕಚೇರಿಗೆ ಅರ್ಜಿ ಕೊಟ್ಟು ವಂಶವೃಕ್ಷ ಮಾಡಿಸಬೇಕು. ಗ್ರಾಮ ಆಡಳಿತಾಧಿಕಾರಿಗಳು ವಿಚಾರಿಸಿ ದೃಢಪಡಿಸುತ್ತಾರೆ. ಭಾಷೆಯಲ್ಲಿ ಸೊಗಸಿಲ್ಲ, ಕುದುರೆಗಳ್ಳನಿಲ್ಲ, ಕತ್ತರಿಸಿದ ಕೈಯಿಲ್ಲ. ಮೆಕೆಂಜಿಯ ಕಡೆಯವರು ಕೇಳಿದ್ದನ್ನೇ ಇವರೂ ಕೇಳುತ್ತಾರೆ: ನಿಮ್ಮ ಹಿರಿಯರು ಯಾರು, ಈ ನೆಲ ನಿಮಗೆ ಹೇಗೆ ಬಂತು.

ಉತ್ತರ ಮಾತ್ರ ಬದಲಾಗಿದೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲೆಂದು ಕರ್ನಾಟಕದಲ್ಲಿ 1994ರಲ್ಲಿ ತಿದ್ದುಪಡಿ ಬಂತು. ಅದಕ್ಕೆ ಮೊದಲೇ ಮದುವೆಯಾಗಿ ಹೋಗಿದ್ದವರನ್ನು ಅದು ಹೊರಗಿಟ್ಟಿತ್ತು. 2005ರಲ್ಲಿ ದೇಶಕ್ಕೆಲ್ಲ ಅನ್ವಯಿಸುವಂತೆ ಬಂದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಬಖೈರಿಗೆ ಬೇಡವಾಗಿದ್ದ ಅಕ್ಕತಂಗಿಯರು ಈಗ ಹಾಳೆಯ ಮೇಲೆ ಬರಲೇಬೇಕು. ಮೊಳಕಾಲ್ಮೂರಿನಿಂದ ಗಡಿಯಾಚೆಯ ರಾಯದುರ್ಗ, ಕಲ್ಯಾಣದುರ್ಗಗಳ ಕಡೆ ಕೊಟ್ಟ ಹೆಣ್ಣುಮಕ್ಕಳ ಹೆಸರನ್ನೂ ಗಂಡನ ಊರನ್ನೂ ಬರೆಯಬೇಕು. ಕೆಲವು ಮನೆಗಳಲ್ಲಿ ಅಣ್ಣತಮ್ಮಂದಿರು ಹೆಸರು ಬಿಟ್ಟು ಕೊಡುವುದೂ ಉಂಟು. ಆಗ ತಂಗಿಯ ಕಡೆಯಿಂದ ತಕರಾರು ಅರ್ಜಿ ಬರುತ್ತದೆ: ನಾನೂ ಇಂಥವರ ಮಗಳು, ನನ್ನ ತಾಯಿ ಇಂಥವಳು, ನಾನು ಹುಟ್ಟಿದ ಊರು ಇದು. ಆ ತಕರಾರು ಅರ್ಜಿಗಳನ್ನು ಯಾರಾದರೂ ಜೋಪಾನವಾಗಿ ತೆಗೆದಿಡುತ್ತಿದ್ದಾರೆಯೇ?